ಯಾವ ‘ಆದ್ದರಿಂದ’ಕ್ಕೆ ಎದ್ದು ಓಡಬೇಕು?

ಬಿರುಗಾಳಿಯ ಮುನ್ನೆಚ್ಚರಿಕೆ ಕೊಡುವ ಮಾನ್ಯ ಅಧಿಕಾರಿಗಳೇ,

ತಮ್ಮ ಎಚ್ಚರಿಕೆ ಸುಳ್ಳಾಗಲಿಲ್ಲ, ಒಂದಕ್ಷರವೂ ತಪ್ಪಲಿಲ್ಲ. ಆದರೆ ಅದರೊಳಗೆ ನಾವು ಮಾಡಬೇಕಾದದ್ದು ಎಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಸಮುದ್ರ ನಮ್ಮ ಅಂಗಳಕ್ಕೆ ಬಂದಿತ್ತು. ನನ್ನ ದೂರು ಇಷ್ಟೇ.

ಫಿಜಿಯ ಈ ಪುಟ್ಟ ದ್ವೀಪದಲ್ಲಿ ನಾನು ಹೈಸ್ಕೂಲು ಮಕ್ಕಳಿಗೆ ವಾದವನ್ನು ಬಿಡಿಸಿ ನೋಡುವುದನ್ನು ಕಲಿಸುತ್ತೇನೆ. ‘ಏಕೆಂದರೆ’ ಎಂದ ಮೇಲೆ ಕಾರಣ ಬರುತ್ತದೆ, ‘ಆದ್ದರಿಂದ’ ಎಂದ ಮೇಲೆ ತೀರ್ಮಾನ. ಆದರೆ ಮೊದಲು ಸಿಕ್ಕ ತೀರ್ಮಾನ ಮುಂದಿನದಕ್ಕೆ ಬರೀ ಮೆಟ್ಟಿಲಾಗಿರಬಹುದು. ಉಳಿದದ್ದೆಲ್ಲ ಯಾವುದಕ್ಕೆ ಆಸರೆಯೋ ಅದೇ ಮುಖ್ಯ ಮಾತು. ಪ್ರಶ್ನೆಪತ್ರಿಕೆ ತಯಾರಿಸಲು ತಮ್ಮಷ್ಟು ಯೋಗ್ಯರು ಬೇರಿಲ್ಲ. ಅದನ್ನು ರೇಡಿಯೋದಲ್ಲೇ ತಯಾರಿಸಬೇಕಿತ್ತೇ?

ಆ ಮಧ್ಯಾಹ್ನ ನಾನು, ಅಣ್ಣ ವಿಲಿಮೋನಿ, ನಮ್ಮಜ್ಜಿ ಸೆರೆಯಾನಾ ಮೂವರೂ ದಡದ ನಮ್ಮ ಮನೆಯಲ್ಲಿ ಬೇಯಿಸಿದ ಮರಗೆಣಸು ತಿನ್ನುತ್ತ ಕೂತಿದ್ದೆವು. ತಾವು ನುಡಿದಿರಿ: “ಬಿರುಗಾಳಿ ದಕ್ಷಿಣಕ್ಕೆ ತಿರುಗಿರುವುದರಿಂದ ಗಾಳಿಯ ವೇಗ ಇಳಿಯಲಿದೆ. ಆದ್ದರಿಂದ ಮನೆಗಳ ಛಾವಣಿಗೆ ಅಪಾಯವಿಲ್ಲ.” ಅಣ್ಣ ರೇಡಿಯೋ ಆರಿಸಿದ.

“ಆದ್ದರಿಂದ ಬಂತಲ್ಲ, ಮುಗೀತು. ಬ್ಯಾಟರಿ ಯಾಕೆ ದಂಡ?”

“ಛಾವಣಿ ಹಾರಲ್ಲ, ಸರಿ. ಅದಕ್ಕೆ ನಾವೇನ್ ಮಾಡ್ಬೇಕಂತೆ ಅಣ್ಣ? ಅದನ್ನ ಇನ್ನೂ ಹೇಳೇ ಇಲ್ಲ.”

“ಮಲ್ಕೋಬೇಕು. ಟೀಚರಮ್ಮಂಗೆ ಅದನ್ನೂ ರೇಡಿಯೋದೋರೇ ಹೇಳ್ಬೇಕಾ?”

ನನ್ನ ಕಾಟಕ್ಕೆ ಅವನು ರೇಡಿಯೋ ಮತ್ತೆ ಹಚ್ಚುವಷ್ಟರಲ್ಲಿ ತಾವು ಧನ್ಯವಾದ ಹೇಳುತ್ತಿದ್ದಿರಿ. ಅದೇ ಪ್ರಕಟಣೆ ಮರುಪ್ರಸಾರವಾದಾಗ ಉಳಿದದ್ದು ಕೇಳಿಸಿತು: “ಆದರೂ ಹುಣ್ಣಿಮೆಯ ಉಬ್ಬರ ಇರುವುದರಿಂದ ನೀರು ಏರಲಿದೆ. ಹೀಗಾಗಿ ದಡದ ಮನೆಗಳು ಮುಳುಗುವ ಸಂಭವವಿದೆ. ಆದಕಾರಣ ಅಲ್ಲಿನ ನಿವಾಸಿಗಳು ಗುಡ್ಡದ ಶಾಲೆಗೆ ತೆರಳತಕ್ಕದ್ದು.”

ಅಷ್ಟು ಹೊತ್ತಿಗೆ ಹೊಸ್ತಿಲು ನೀರಿನಡಿ ಇತ್ತು. ಅಣ್ಣ ಅಜ್ಜಿಯನ್ನು ಬೆನ್ನಿಗೆ ಹಾಕಿಕೊಂಡ. ಅವಳನ್ನು ಬಿಟ್ಟು ದಡದಲ್ಲಿದ್ದ ತನ್ನ ಮೀನು ದೋಣಿಯ ಕಡೆ ಹೋಗುವಂತಿರಲಿಲ್ಲ. ಒಮ್ಮೆ ಮಾತ್ರ ತಿರುಗಿ ನೋಡಿದ. ಗುಡ್ಡ ಹತ್ತುವಾಗ ಬೆನ್ನ ಮೇಲಿಂದ ಅಜ್ಜಿ, “ಮಲ್ಕೋಬೇಕು ಅಂದ್ಯಲ್ಲೋ, ಎಲ್ಲಿ ಹಾಸಿದೀಯ?” ಎಂದಳು. ಅವನು ನಗಲಿಲ್ಲ.

ಬೆಳಿಗ್ಗೆ ಇಳಿದು ನೋಡಿದರೆ, ಅವನೇ ಹಲಗೆ ಕೂಡಿಸಿ ಕಟ್ಟಿದ್ದ ದೋಣಿ ಹವಳದ ದಿಬ್ಬದ ಮೇಲೆ ಎರಡು ಹೋಳಾಗಿ ಬಿದ್ದಿತ್ತು. “ಪೂರ್ತಿ ಕೇಳ್ಬೇಕಿತ್ತು ಕಣೆ” ಎಂದ. ಈಗ ಪರರ ದೋಣಿಯಲ್ಲಿ ಕೂಲಿಗೆ ಬಲೆ ಎಳೆಯುತ್ತಾನೆ.

ಅರ್ಧ ತಪ್ಪು ಅವನದೇ, ಒಪ್ಪಿದೆ. ಉಳಿದರ್ಧ? ಮುಖ್ಯ ಮಾತನ್ನು ಇಷ್ಟೆಲ್ಲ ಮಾತುಗಳ ಹಿಂದೆ ಬಚ್ಚಿಟ್ಟು, ಹುಡುಕಿಕೊಳ್ಳಿ ಎಂದವರು ಯಾರು? ಆಗ್ರಹ ಒಂದೇ: ಮುಂದಿನ ಬಾರಿ ಮೊದಲ ವಾಕ್ಯದಲ್ಲೇ “ಗುಡ್ಡ ಹತ್ತಿ” ಎನ್ನಿ. ಕಾರಣಗಳನ್ನು ಆಮೇಲೆ ಎಷ್ಟು ಬೇಕಾದರೂ ಹೇಳಿ. ನಾವು ಮೇಲೆ ಕೂತು ಕೇಳುತ್ತೇವೆ.

ಇಂತಿ,
ತಮ್ಮ ವಾಕ್ಯ ಮುಗಿಯುವಷ್ಟರಲ್ಲಿ ಮೊಣಕಾಲವರೆಗೆ ನೆನೆದ,
ಮಾಕೆರೇತಾ ಟೀಚರು