ಗೆರೆ ಕಾಣುವವರೆಗೆ

ಮಾರ್ಚ್ 4, ಬೆಳಿಗ್ಗೆ 7.40
ಅಮ್ಮ ಸೈಕಲ್ಲಿನಿಂದ ಇಳಿದ ಮೇಲೂ ಸೈಕಲ್ ಮೇಲಿದ್ದ ಹಾಗೇ ಬಾಗಿ ನಿಂತಿದ್ದಳು. ಒಂದು ಕೈ ಗೇಟಿನ ಮೇಲೆ, ಇನ್ನೊಂದು ಸೊಂಟದ ಮೇಲೆ. ಎಣಿಸಿದೆ. ನೆಟ್ಟಗಾಗಲು ಹನ್ನೊಂದು ಸೆಕೆಂಡು.
"ಏನೇ ಹಾಗೆ ನೋಡ್ತಿದೀಯಾ? ನಾನೇನು ಸಿನಿಮಾನಾ?"
"ಹ್ಯಾಂಡಲ್ ತೀರಾ ತಗ್ಗಿದೆ ಅಮ್ಮಾ. ಬಗ್ಗಿ ಬಗ್ಗಿ ತುಳಿದ್ರೆ ಬೆನ್ನು ಏನಾಗಬೇಕು?"
"ಹ್ಯಾಂಡಲ್ ಅಲ್ಲ ಕಣೇ, ವಯಸ್ಸು."
ಐವತ್ತಮೂರು ಒಂದು ವಯಸ್ಸೇ? ಆಸ್ಪತ್ರೆಯಲ್ಲಿ ದಿನವಿಡೀ ರೋಗಿಗಳನ್ನು ಎತ್ತಿ ಕೂರಿಸುವ ನರ್ಸ್. ಮಗಳು ಸೈಕಲ್ ಕಂಪನಿಯಲ್ಲಿ. ನಾಚಿಕೆಗೇಡು.

ಮಾರ್ಚ್ 6
ನಮ್ಮ ಸೈಕಲ್ ಜೊತೆ ಕೊಡುವ ಕೈಪಿಡಿ ಅಚ್ಚಾಗಿ ಬಂತು. ನಾನು ಬರೆದದ್ದು! ಸಾವಿರದ ಇನ್ನೂರು ಪ್ರತಿ. ಸಂಜೆಯೊಳಗೆ ನಲವತ್ತೊಂದು ಅಂಗಡಿಗೆ ಹೊರಟೂ ಹೋದವು. ಎಂ.ಎ. ಓದಿದ್ದು ದಂಡವಾಗಲಿಲ್ಲ.
"ಕಣ್ಣಿಗೆ ಕಟ್ಟಿದ ಹಾಗಿದೆಯಮ್ಮ" ಅಂದರು ಮ್ಯಾನೇಜರ್. ತಲೆ ಬಗ್ಗಿಸಿ ನಿಂತಿದ್ದೆ.
ವಿಷಯವೆಲ್ಲ ಸ್ಪ್ಯಾನರ್ ಮಾಮನದು. ಇಪ್ಪತ್ತೆಂಟು ವರ್ಷದಿಂದ ನಮ್ಮ ಕಂಪನಿಯ ಮೇಸ್ತ್ರಿ. ಅವರು ಹೇಳಿದರು, ನಾನು ಬರೆದುಕೊಂಡೆ. ಒಂದೊಂದು ಮಾತನ್ನೂ ಎರಡೆರಡು ಸಲ ಹೇಳುತ್ತಾರೆ. ತಿದ್ದಿ ತೀಡುವಷ್ಟರಲ್ಲಿ ಸಾಕಾಯಿತು.

ಮಾರ್ಚ್ 8, ಮಧ್ಯಾಹ್ನ
ಅಮ್ಮನ ಹ್ಯಾಂಡಲ್ ಎತ್ತರಿಸುವ ಕೆಲಸ ನಾನೇ ಮಾಡಿದೆ. ಏಳನೇ ಪುಟ ಪಕ್ಕದಲ್ಲಿ ತೆರೆದಿಟ್ಟು. ಹ್ಯಾಂಡಲ್ ಹೊತ್ತ ಕಂಬಿಯ ಮೇಲಿನ ಬೋಲ್ಟ್ ಮೂರು ಸುತ್ತು ಸಡಿಲ. ಅದರ ಮೇಲೆ ಮರದ ತುಂಡು, ತುಂಡಿನ ಮೇಲೆ ಸುತ್ತಿಗೆಯ ಒಂದೇ ಪೆಟ್ಟು. ಒಳಗೆ ಏನೋ ಬಿಟ್ಟುಕೊಂಡ ಸದ್ದು. ಆಮೇಲೆ ನನ್ನದೇ ವಾಕ್ಯ — 'ಕಂಬಿಯ ಮೇಲಿನ ಗೆರೆ ಸ್ಪಷ್ಟವಾಗಿ ಕಾಣುವವರೆಗೆ ಹ್ಯಾಂಡಲನ್ನು ಮೇಲೆತ್ತಿ, ಬೋಲ್ಟ್ ಬಿಗಿಮಾಡಿ.' ಎತ್ತಿದೆ. ಗೆರೆ ಹೊರಬಂತು. ಸ್ಪಷ್ಟವಾಗಲಿ ಎಂದು ಇನ್ನೆರಡು ಬೆರಳು. ಬೋಲ್ಟ್ ಬಿಗಿ.
ಅಮ್ಮ ಬೀದಿಯಲ್ಲಿ ಒಂದು ಸುತ್ತು ಹೊಡೆದಳು. ಬೆನ್ನು ನೆಟ್ಟಗೆ.
"ರಾಣಿ ಹಾಗಿದೀನಿ ಅಲ್ವೇನೇ?"
ಇಳಿದು ನೆಟ್ಟಗಾಗಲು ಎರಡೇ ಸೆಕೆಂಡು.

ಮಾರ್ಚ್ 14
ಅಮ್ಮ ಬಿದ್ದಳು. ಸೇತುವೆಯ ಇಳಿಜಾರಿನಲ್ಲಿ.
ಹ್ಯಾಂಡಲ್ ಕಿತ್ತು ಕೈಗೇ ಬಂತಂತೆ.

ಮಾರ್ಚ್ 15
ಬಲಗೈ ಮುರಿದಿದೆ. ಗಲ್ಲಕ್ಕೆ ನಾಲ್ಕು ಹೊಲಿಗೆ. ತನ್ನದೇ ವಾರ್ಡಿನಲ್ಲಿ ಮಲಗಿದ್ದಾಳೆ. ಹಿಂದೆ ಲಾರಿ ಇರಲಿಲ್ಲ. ಇದ್ದಿದ್ದರೆ... ಬರೆಯಲಾರೆ.
ಸ್ಪ್ಯಾನರ್ ಮಾಮ ಮನೆಗೇ ಬಂದು ಸೈಕಲ್ ನೋಡಿದರು. ಕಂಬಿ ಎತ್ತಿ ಹಿಡಿದು ಗೆರೆಯ ಮೇಲೆ ಹೆಬ್ಬೆರಳಿಟ್ಟರು.
"ಇದನ್ನ ಯಾವ ಪುಣ್ಯಾತ್ಮ ಎತ್ತಿದ್ದು?"
"ನಾನೇ... ಕೈಪಿಡಿ ನೋಡ್ಕೊಂಡು."
"ಯಾವ ಕೈಪಿಡಿ?"
"ನಮ್ಮದೇ ಮಾಮ. ನೀವು ಹೇಳಿದ್ದು."
ಪುಟ ತೆಗೆದು ಬೆರಳಿಟ್ಟು ಓದಿದರು. ಇನ್ನೊಮ್ಮೆ ಓದಿದರು. ಮುಖ ಬಿಳಿಚಿತು.
"ನಾನು ಹೀಗೆ ಹೇಳಿದ್ನೇನಮ್ಮ?"
ಒಳಗೆ ಓಡಿ ನನ್ನ ನೋಟ್‌ಬುಕ್ ತಂದೆ. ಅಲ್ಲೇ ಇತ್ತು, ಅವರ ಮಾತು. 'ಗೆರೆ ಕಾಣೋವರೆಗೂ ಎತ್ತು. ಕಂಡ್ರೆ ಜಾಸ್ತಿ ಆಯ್ತು, ಗೆರೆ ಒಳಗೆ ಹೋಗೋ ಹಾಗೆ ಇಳಿಸು.' ಎರಡನೇ ವಾಕ್ಯದ ಮೇಲೆ ನನ್ನ ಕೆಂಪು ಪೆನ್ನು. ಪಕ್ಕದಲ್ಲಿ ನನ್ನದೇ ದುಂಡು ಅಕ್ಷರ — 'ಪುನರುಕ್ತಿ'. 'ಸ್ಪಷ್ಟವಾಗಿ' ಎಂಬುದು ಅವರ ಮಾತಿನಲ್ಲಿ ಇರಲೇ ಇಲ್ಲ. ಅದು ನನ್ನ ಅಲಂಕಾರ.
"ಗೆರೆ ಇರೋದೇ ಎಚ್ಚರಿಕೆಗೆ ಕಣಮ್ಮ. ಅದು ಕಾಣ್ತು ಅಂದ್ರೆ ಒಳಗೆ ಹಿಡಿದುಕೊಳ್ಳೋಕೆ ಕಂಬಿ ಸಾಲದು."
ಅವರೇ ಜೋಡಿಸಿದರು. ಗೆರೆ ಒಳಗೆ. ಬೋಲ್ಟ್ ಬಿಗಿ. ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ಬ್ರೇಕ್ ವಯರ್ ಎಳೆದುಕೊಳ್ಳುವುದಿಲ್ಲ ಎಂದು ನೋಡಿದರು. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಇರುಕಿ ಹ್ಯಾಂಡಲನ್ನು ಬಲವಾಗಿ ತಿರುಚಿದರು. ಅಲುಗಲಿಲ್ಲ.
"ಇದನ್ನೂ ಹೇಳಿದ್ದೆ."
ಹೌದು. ಹೇಳಿದ್ದರು. ಮೊಣಕಾಲು ಗದ್ಯಕ್ಕೆ ಒಗ್ಗುವುದಿಲ್ಲ ಎಂದು ಕೈಬಿಟ್ಟಿದ್ದೆ.

ಅದೇ ದಿನ, ಸಂಜೆ
ಅಮ್ಮನಿಗೆ ಹೇಳಿಬಿಟ್ಟೆ. ಹೊಲಿಗೆ ಎಳೆಯುತ್ತದೆಂದು ಬಾಯಿ ಹಿಡಿದುಕೊಂಡು ನಕ್ಕಳು.
"ಕೈಪಿಡೀನ ಇಷ್ಟು ಭಕ್ತಿಯಿಂದ ಓದೋರು ಯಾರೇ ಇದ್ದಾರೆ, ನಿನ್ನನ್ನ ಬಿಟ್ಟು!"
ತಟ್ಟನೆ ನಗು ನಿಂತಿತು. ನನ್ನ ಮುಖವನ್ನೇ ನೋಡಿದಳು.
"ಪುಟ್ಟೀ... ಬೇರೆ ಯಾರಾದ್ರೂ ಓದಿದ್ರೆ?"

ಮಾರ್ಚ್ 17
ಮ್ಯಾನೇಜರ್ ಬಾಗಿಲ ಮುಂದೆ ಇಪ್ಪತ್ತು ನಿಮಿಷ ನಿಂತು ಒಳಗೆ ಹೋದೆ.
"ಕೈಪಿಡಿ ಯಾರು ಓದ್ತಾರೆ ಬಿಡಮ್ಮ. ಮುಂದಿನ ಸಲ ಅಚ್ಚು ಹಾಕೋವಾಗ ತಿದ್ದಿದ್ರಾಯ್ತು. ಈಗ ಊರಿಗೆಲ್ಲ ಡಂಗುರ ಹೊಡೀಬೇಕಾ?"
ತಲೆಯಾಡಿಸಿ ಬಂದೆ. ನನ್ನ ಕತ್ತಿಗೆ ನನ್ನನ್ನು ಕೇಳಿ ಆಡುವ ಅಭ್ಯಾಸವೇ ಇಲ್ಲ.
ಸಾವಿರದ ಇನ್ನೂರು ಜನರ ಅಮ್ಮಂದಿರು...

ಮಾರ್ಚ್ 18, ಬೆಳಿಗ್ಗೆ 8.50
ಆಫೀಸು. ಇನ್ನೂ ಯಾರೂ ಬಂದಿಲ್ಲ. ಮುಂದೆ ನಲವತ್ತೊಂದು ಅಂಗಡಿಗಳ ನಂಬರು. ಗುರುತಿಲ್ಲದವರಿಗೆ ಈವರೆಗೆ ಒಂದು ಫೋನೂ ಮಾಡಿದವಳಲ್ಲ. ಗ್ಯಾಸ್ ಬುಕ್ ಮಾಡುವುದೂ ಅಮ್ಮನೇ. ಇರಲಿ. ಮತ್ತೆ ಯಾರನ್ನೂ ಕೇಳುವುದಿಲ್ಲ. ಒಂಬತ್ತಕ್ಕೆ ಮೊದಲ ಅಂಗಡಿ ತೆರೆಯುತ್ತದೆ. ಹೇಳಬೇಕಾದ್ದನ್ನು ಬರೆದಿಟ್ಟುಕೊಳ್ಳುತ್ತೇನೆ, ನೋಡಿಕೊಂಡು ಓದಲು.
'ನಮಸ್ಕಾರ. ಸೈಕಲ್ ಕೈಪಿಡಿ ಬರೆದವಳು ನಾನು. ಏಳನೇ ಪುಟ ತಪ್ಪು. ತಪ್ಪು ನನ್ನದು. ಕೊಂಡವರಿಗೆಲ್ಲ ದಯವಿಟ್ಟು ತಿಳಿಸಿ. ಗೆರೆ ಕಾಣಬಾರದು. ಇನ್ನೊಂದು ಸಲ ಹೇಳುತ್ತೇನೆ, ಬರೆದುಕೊಳ್ಳಿ. ಗೆರೆ ಕಾಣಬಾರದು.'