ಅವ್ವ ಒಪ್ಪಿದಳು, ಅವಳು ಒಪ್ಪಲಿಲ್ಲ

ಶಹಾಬಾದ
ತಾ. 19-2-1978, ರವಿವಾರ

ನನ್ನ ಅಕ್ಕ ಭಾಗಮ್ಮನಿಗೆ,

ಸಾಬಮ್ಮ ಕೈಮುಗಿದು ಬರೆಯುವುದು. ನಾನು, ಅವ್ವ ಇಬ್ಬರೂ ಚೆನ್ನಾಗಿದ್ದೇವೆ. ಇಬ್ಬರು ಎಂದು ಬರೆದು, ಅಳಿಸಿ, ಮತ್ತೆ ಅದನ್ನೇ ಬರೆದೆ. ಯಾಕೆಂದು ಮುಂದೆ ತಿಳಿಯುತ್ತದೆ. ಈ ಕಾಗದವನ್ನು ಬೇರೆಯವರಿಂದ ಓದಿಸಬೇಡ. ತಡವಾದರೂ ನೀನೇ ಅಕ್ಷರ ಕೂಡಿಸಿ ಓದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಬರಹ, ನಗಬೇಡ.

ಮೊನ್ನೆ ಶುಕ್ರವಾರ ಚಿತ್ತಾಪುರದ ಕೋರ್ಟಿನಲ್ಲಿ ರಾಜಿ ಆಗಲಿಲ್ಲ. ಮಾವ ಮನೆಗೆ ಬಂದು ನಿನಗೆ ಏನು ಹೇಳಿದನೋ ಗೊತ್ತಿಲ್ಲ. ದೇವೀಂದ್ರಪ್ಪ ಮಾವ ಅವ್ವನಿಗೆ ತಮ್ಮ, ನಿನಗೆ ಗಂಡ. ಅವನು ಜೈಲಿಗೆ ಹೋದರೆ ತವರೂ ಇಲ್ಲ, ಗಂಡನ ಮನೆಯೂ ಇಲ್ಲ, ಅವ್ವನ ಒಂದು ಮಾತಿಗೆ ಕೇಸು ಬಿಟ್ಟುಹೋಗುತ್ತದೆ, ನನ್ನ ಮಕ್ಕಳ ಮುಖ ನೋಡು ಎಂದು ನೀನು ಬರೆದಿದ್ದೆ. ನೋಡಿದೆ ಅಕ್ಕ. ಅದಕ್ಕೇ ಎಲ್ಲವನ್ನೂ ಮಾಡಿದೆ.

ಹೋದ ವರ್ಷ ಎಳ್ಳಮಾಸಿ ಹಬ್ಬಕ್ಕೆ ನಿನ್ನನ್ನು ಕರೆತರುತ್ತೇನೆಂದು ಅವ್ವ ವಾಡಿಗೆ ಬಂದಳು. ಮಾವ ನಿನ್ನನ್ನು ಹೊಡೆಯುತ್ತಿದ್ದಾನೆಂದು ಅವಳಿಗೆ ಯಾರೋ ಹೇಳಿದ್ದರು. ನಿಮ್ಮ ಓಣಿಯವರು ಕೂಗು ಕೇಳಿ ಒಳಗೆ ಬಂದಾಗ ಅವ್ವ ತಲೆ ಒಡೆದು ನೆಲದ ಮೇಲೆ ಬಿದ್ದಿದ್ದಳು, ಒನಕೆ ಮಾವನ ಕೈಯಲ್ಲಿತ್ತು. ಪೊಲೀಸರು ಅಷ್ಟನ್ನೇ ಬರೆದುಕೊಂಡರು. ಮಾವ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಅಲ್ಲೇ ಇದ್ದ ನೀನೂ ಬಾಯಿ ಬಿಡಲಿಲ್ಲ. ಅವತ್ತಿನಿಂದ ನೀನು ಶಹಾಬಾದಿಗೆ ಕಾಲಿಟ್ಟಿಲ್ಲ, ಆದ್ದರಿಂದ ಈ ಮನೆಯೊಳಗಿನದು ನಿನಗೆ ಗೊತ್ತಿಲ್ಲ.

ಅವ್ವನಿಗೆ ಎಲ್ಲ ನೆನಪಿದೆ, ಆ ಒಂದು ದಿನ ಬಿಟ್ಟು. 'ನನಗ್ಯಾರು ಹೊಡದಾರ? ಹುಚ್ಚೇನ ನಿನಗ?' ಎಂದು ನನ್ನನ್ನೇ ಕೇಳುತ್ತಾಳೆ. ಆದರೆ ದವಾಖಾನೆಯಿಂದ ಬಂದ ಮೂರನೆಯ ದಿನ ಬೀಸುಕಲ್ಲಿನ ಮೂಲೆ ತೋರಿಸಿ, 'ಪಾಪ, ಅಕಿಗಿ ಯಾರೋ ಹೊಡದಾರ. ನೀರು ಕೊಡು' ಅಂದಳು. ಅಲ್ಲಿ ಯಾರೂ ಇರಲಿಲ್ಲ. ಅವತ್ತಿನಿಂದ ಅವ್ವ ದಿನಾಲೂ ಅಲ್ಲಿ ಒಂದು ತಂಬಿಗೆ ನೀರು ಇಡುತ್ತಾಳೆ. ಸಂಜೆಗೆ ನೀರು ಇಳಿದಿರುತ್ತದೆ. ಬೇಸಿಗೆಯಲ್ಲವೇ, ಆರಿರಬೇಕು ಎಂದುಕೊಂಡೆ. ಮಳೆಗಾಲದಲ್ಲೂ ಇಳಿಯಿತು.

ರಾಜಿಯ ಊಟಕ್ಕೆ ಮಾವ ಬಂದಾಗ ನೀನಿರಲಿಲ್ಲ. ನಮ್ಮ ಹೊಳೆಯ ದಂಡೆಯವರ ಪದ್ಧತಿ ನಿನಗೆ ಗೊತ್ತಲ್ಲ, ಹೊಡೆದವರೂ ಹೊಡೆಸಿಕೊಂಡವರೂ ಒಂದೇ ಗಂಗಾಳದಲ್ಲಿ ಉಣ್ಣಬೇಕು. ಉಂಡ ಮೇಲೆ ಆ ಮಾತು ಮತ್ತೆ ಎತ್ತುವಂತಿಲ್ಲ. ಓಣಿಯ ಹಿರಿಯ ಸಾಬಣ್ಣ ಕಾಕಾ ಸಕ್ಕರೆ ಹಂಚುತ್ತ, 'ಅಕ್ಕ ತಮ್ಮಂದು ಜಗಳ, ಸರಕಾರಕ್ಕ ಏನ್ ಸಂಬಂಧ?' ಅಂದ. ಪಕ್ಕದ ಮನೆಯ ಇಮಾಮ್ಬೀ ಚಾಚಿ ಬಾಗಿಲಲ್ಲೇ ನಿಂತು, 'ಅರೆ ಸಾಬಣ್ಣಾ, ನಿನ್ನ ತಲಿ ಒಡದಿದ್ರ ಹಿಂಗೇ ಸಕ್ರಿ ಹಂಚ್ತಿದ್ದೇನು?' ಎಂದು ಕೇಳಿದಳು. ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ನಕ್ಕು ಮಾವನ ಜೊತೆ ಕುಳಿತವಳು ತುತ್ತು ಎತ್ತಲಿಲ್ಲ. 'ಅಕಿ ಬರವಲ್ಲಳು. ಕರದ್ರೂ ಬರವಲ್ಲಳು' ಎಂದು ಮೂಲೆ ನೋಡುತ್ತಲೇ ಇದ್ದಳು. ಮಾವನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು.

ಆದರೂ ನಾನು ಬಿಡಲಿಲ್ಲ. ಎಂಟು ದಿನ ಕೂತು ಅವ್ವನಿಗೆ ಮೂರು ಮಾತು ಕಲಿಸಿದೆ, ಮಾಸ್ತರರು ನಮಗೆ ಮಗ್ಗಿ ಕಲಿಸಿದ ಹಾಗೆ. ನಮ್ಮೊಳಗ ರಾಜಿ ಆಗ್ಯಾದ. ನನಗ ಯಾರೂ ಜುಲುಮಿ ಮಾಡಿಲ್ಲ. ಕೇಸು ಬ್ಯಾಡ. ಅವಳು ಬೇಗ ಕಲಿತಳು. ಅವಳಿಗೆ ಅದರಲ್ಲಿ ನೋವೇ ಇರಲಿಲ್ಲ.

ವಾಡಿಯಲ್ಲಿ ರೈಲುಗಾಡಿ ಬದಲಿಸುವಾಗ ನೀನು ಬಂದಿರುತ್ತೀ ಎಂದು ಹಾದಿ ನೋಡಿದೆ. ಬರಲಿಲ್ಲ. ಚಿತ್ತಾಪುರದ ಗಾಡಿಯಲ್ಲಿ ಅವ್ವ ಪಕ್ಕಕ್ಕೆ ಸೆರಗು ಹಾಸಿ ಜಾಗ ಹಿಡಿದಳು. ತುಂಬಿದ ಗಾಡಿ. ಇಬ್ಬರು ಮೂವರು ಅಲ್ಲಿ ಕೂರಲು ಬಗ್ಗಿ, ಮತ್ತೆ ಎದ್ದು ಮುಂದಕ್ಕೆ ಹೋದರು.

ಕೋರ್ಟಿನಲ್ಲಿ ಹೆಸರು ಕೂಗಿದರು. ಮಾವ ಕಟಕಟೆಯಲ್ಲಿ ನಿಂತ. ಜಡ್ಜರು ಮೆಲ್ಲಗೆ ಮಾತಾಡುವವರು. 'ಅಂಬುಬಾಯಿ, ಯಾರೂ ಹೆದರಿಸಿಲ್ಲ ತಾನೇ?' ಎಂದು ಕೇಳಿದರು. ಅವ್ವ ಮೂರು ಮಾತನ್ನೂ ಒಂದಕ್ಷರ ತಪ್ಪದೆ ಹೇಳಿದಳು. ಜಡ್ಜರು ಬರೆಯಲು ಪೆನ್ನು ಹಿಡಿದರು. ನನ್ನ ಎದೆ ಹಗುರವಾಯಿತು ಅಕ್ಕ, ಸುಳ್ಳು ಹೇಳುವುದಿಲ್ಲ.

ಆಗ ಅವ್ವ ಅಂದಳು, 'ನಂದಾಯ್ತ್ರಿ ಸಾಹೇಬ್ರ. ಅಕಿನ್ನೂ ಒಂದ್ ಮಾತು ಕೇಳ್ರಿ.'

'ಯಾರನ್ನಮ್ಮ?'

'ಹೊಡಸಿಕೊಂಡಾಕಿನ್ನರಿ. ಅಕಿನ್ನ ಬಿಟ್ಟು ನನ್ನ ಕೇಳಿದ್ರ ಹ್ಯಾಂಗ?' ಎಂದು ಬಾಗಿಲ ಪಕ್ಕದ ಗೋಡೆ ತೋರಿಸಿದಳು.

ವಕೀಲರು ನಕ್ಕರು. ಜವಾನ ಗದರುತ್ತ ಬಾಗಿಲ ಕಡೆಗೆ ಹೋದ. ಹೋಗುವಾಗ ಆ ಗೋಡೆಯ ಹತ್ತಿರ ಯಾರಿಗೋ ದಾರಿ ಬಿಡುವಂತೆ ಸುತ್ತಿ ಹೋದ. ಅದು ಅವನ ಗಮನಕ್ಕೂ ಬರಲಿಲ್ಲ, ನನ್ನ ಗಮನಕ್ಕೆ ಬಂತು. ಜಡ್ಜರು ನಗಲಿಲ್ಲ. 'ಅವಳು ಏನನ್ನುತ್ತಾಳೆ?' ಎಂದು ಕೇಳಿದರು. ಅವ್ವ ಅತ್ತ ಕಿವಿಗೊಟ್ಟು ಬಹಳ ಹೊತ್ತು ನಿಂತಳು.

'ಅಕಿ ಒಪ್ಪಂಗಿಲ್ಲಂತ್ರಿ. ಹೊಡದಾಕಿ ಇಲ್ಲಿಗಿ ಬಂದೇ ಇಲ್ಲಂತ. ರಾಜಿ ಯಾರ ಕೂಡ ಮಾಡಿಕೊಳ್ಳಲಿ ಅಂತಾಳ.'

ಹೊಡೆದವನು ಎಂದು ಪೊಲೀಸರು ಬರೆದುಕೊಂಡ ಮಾವ ಎದುರಿಗೇ ಕಟಕಟೆಯಲ್ಲಿ ನಿಂತಿದ್ದ. ಅವ್ವ ಹೊಡದಾಂವ ಅನ್ನಲಿಲ್ಲ, ಹೊಡದಾಕಿ ಅಂದಳು.

ಜಡ್ಜರು ಪೆನ್ನು ಕೆಳಗಿಟ್ಟು, ಅವ್ವನನ್ನು ಡಾಕ್ಟರಿಗೆ ತೋರಿಸಿ ಕಾಗದ ತರಬೇಕೆಂದು ಮಾರ್ಚ್ ಹತ್ತಕ್ಕೆ ತಾರೀಖು ಕೊಟ್ಟರು. ಹೊರಗೆ ಸಾಬಣ್ಣ ಕಾಕಾ, 'ಹುಚ್ಚೀನ ಕರ್ಕೊಂಡು ಬಂದು ಮಾನ ಕಳದಿ' ಎಂದು ನನ್ನನ್ನು ಬೈದ. ಮಾವ ಬೈಯಲಿಲ್ಲ. ಬೇವಿನ ಗಿಡದ ಬುಡದಲ್ಲಿ ಕುಳಿತು, 'ಸಾಬವ್ವಾ, ಇದು ನಿಮ್ಮ ಅಕ್ಕಗ ಬರಿಬ್ಯಾಡವ್ವ' ಅಂದ. ಹಾಗೆ ಅಂದು ಕೈಮುಗಿದ. ನಿನ್ನನ್ನು ಹೊಡೆದ ಕೈ ಅದೇ, ಅದನ್ನು ನಾನು ಮರೆತಿಲ್ಲ. ಆದರೆ ಅವ್ವನನ್ನು ಹೊಡೆದ ಕೈ ಅದಲ್ಲ ಎಂದು ಅವತ್ತು ತಿಳಿಯಿತು.

ನೀನು ಒನಕೆಯನ್ನು ಅವನ ಮೇಲೆ ಎತ್ತಿದ್ದೆ. ಅವ್ವ ನಡುವೆ ಬಂದಳು. ಆಮೇಲೆ ಮಾವ ಅದನ್ನು ನಿನ್ನ ಕೈಯಿಂದ ಕಸಿದುಕೊಂಡ. ಹಾಗೇ ಆಗಿರಬೇಕು. ಬೇಕೆಂದು ಮಾಡಿದ್ದಲ್ಲ ಎಂದು ಬೀಸುಕಲ್ಲಿನ ಮೇಲೆ ಕೈಯಿಟ್ಟು ಹೇಳುತ್ತೇನೆ.

ಹೊಡೆಸಿಕೊಂಡವಳೇ ಬೇಡ ಅಂದ ಮೇಲೆ ಕೋರ್ಟಿಗೇಕೆ ಈ ಕೇಸು ಎಂದು ನಾನೂ ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಆ ಮೂರು ಮಾತು ಹೇಳಿದವಳು ಹೊಡೆಸಿಕೊಂಡವಳಲ್ಲ. ಅವಳಿಗೆ ಯಾರೂ ಜುಲುಮಿ ಮಾಡಲಿಲ್ಲ ನಿಜ, ನಾನು ಬರೀ ಕಲಿಸಿದೆ. ಕೇಳಬೇಕಾದವಳನ್ನು ನಾವು ಯಾರೂ ಕೇಳಲಿಲ್ಲ. ಜಡ್ಜರು ಕೇಳಿದರು.

ಹತ್ತನೇ ತಾರೀಖಿನೊಳಗೆ ಬಾ ಅಕ್ಕ. ಕೋರ್ಟಿಗಲ್ಲ, ಮೊದಲು ಮನೆಗೆ. ಅವ್ವ ಸಿಟ್ಟಾಗುವುದಿಲ್ಲ, ಅವಳಿಗೆ ಏನೂ ಗೊತ್ತೇ ಇಲ್ಲ. ಬೀಸುಕಲ್ಲಿನ ಮೂಲೆಯ ಹತ್ತಿರ ಕುಳಿತು, ಅಲ್ಲಿರುವವಳಿಗೆ ತಪ್ಪಾಯಿತೆಂದು ಒಂದು ಮಾತು ಹೇಳು. ಆಮೇಲೆ ಕೇಸು ಇರಲಿ, ಬಿಡಲಿ. ನೀನು ಬಾರದಿದ್ದರೆ ಅವ್ವನಿಗೆ ಮತ್ತೆ ಆ ಮೂರು ಮಾತು ಕಲಿಸಲು ನನ್ನಿಂದ ಆಗುವುದಿಲ್ಲ.

ಮಕ್ಕಳ ಕೆನ್ನೆ ಸವರಿದೆನೆಂದು ತಿಳಿ.

ಇಂತು,
ನಿನ್ನ ಬೆನ್ನಿಗೆ ಹುಟ್ಟಿದ
ಸಾಬಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇವತ್ತು ತಂಬಿಗೆಯ ನೀರು ಇಳಿದಿಲ್ಲ. ಕೇಳಿದರೆ ಅವ್ವ, 'ಅಕಿ ಹೋದಳಲ್ಲ, ಮುಂಜಾನಿ ಗಾಡಿಗಿ. ಇಲ್ಲಿ ಕುಂತು ಬ್ಯಾಸರಾತಂತ' ಅಂದಳು. ನಿನ್ನೆ ಅವ್ವ ಸುಮ್ಮನೆ ಕೇಳಿದ ಹಾಗೆ ವಾಡಿಯಲ್ಲಿ ನಿನ್ನ ಮನೆ ಯಾವ ಓಣಿ, ಬಾಗಿಲು ಯಾವ ದಿಕ್ಕಿಗೆ ಎಂದು ಕೇಳಿದ್ದಳು. ತಮ್ಮನ ಮನೆ ಅವ್ವನಿಗೆ ಗೊತ್ತಿಲ್ಲದ್ದೇನಲ್ಲ. ಯಾರಿಗಾಗಿ ಕೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು ಅಕ್ಕ. ಗೊತ್ತಿದ್ದೇ ಹೇಳಿದೆ.