ಏಡಿಗೆ ಇಡಬೇಕಾಗಿದ್ದ ಹೆಸರು

ಕಾಳಿ ನದಿಯ ಅಳಿವೆ,
ಕ್ರಿ.ಶ. 2391, ಹದಿಮೂರನೆಯ ತಿಂಗಳ ಅಮಾವಾಸ್ಯೆ

ಪ್ರೀತಿಯ ಮುತ್ತಜ್ಜಿಗೆ ತಾರಿಣಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ತಿಂಗಳುಗಳನ್ನು ಚಂದ್ರನನ್ನು ನೋಡಿ ಎಣಿಸುತ್ತೇವೆ. ಕೆಲವು ವರ್ಷ ಒಂದು ಹೆಚ್ಚಾಗುತ್ತದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ಹಳೆಯ ಪುಸ್ತಕ ಓದಿ ಕಲಿತದ್ದು. ನಿಮ್ಮ ಮಗ ಉಲ್ಲಾಸನ ವಂಶದವಳು ನಾನು. ನಮ್ಮಿಬ್ಬರ ನಡುವೆ ಹದಿನಾಲ್ಕು ತಲೆಮಾರು ಕಳೆದಿದೆ.

ನಾನು ನಾಮಪಾಲಕಿ, ಅಂದರೆ ಜೀವಿಗಳನ್ನೂ ಅವುಗಳ ಲ್ಯಾಟಿನ್ ಹೆಸರುಗಳನ್ನೂ ಒಟ್ಟಿಗೆ ಕಾಯುವವಳು. ಬೆಳಿಗ್ಗೆ ಗಂಜಿ ಕುಡಿದು ತೇಲುಬೀದಿ ಹಿಡಿಯುತ್ತೇನೆ. ಮುಳುಗಿದ ಪೇಟೆಯ ಮೇಲೆ ಹಲಗೆ ಜೋಡಿಸಿ ಮಾಡಿದ ದಾರಿ ಅದು, ಕಾಲಿಟ್ಟಲ್ಲೆಲ್ಲ ಕಿರುಗುಟ್ಟುತ್ತದೆ. ತೊಟ್ಟಿಗಳ ಉಪ್ಪು ನೋಡುತ್ತೇನೆ, ಏಡಿಗಳಿಗೆ ಪಾಚಿ ಹಾಕುತ್ತೇನೆ, ಮಧ್ಯಾಹ್ನ ಮಕ್ಕಳಿಗೆ ಹೆಸರಿಡುವ ನಿಯಮ ಕಲಿಸುತ್ತೇನೆ. ಗಂಡಸಿನ ಗೌರವಕ್ಕಾದರೆ ಹೆಸರಿನ ಕೊನೆಗೆ ‘ಇ’, ಹೆಂಗಸಿನದಾದರೆ ‘ಎ’, ಹಲವರದಾದರೆ ಇನ್ನೂ ಉದ್ದದ ಬಾಲ. ಒಮ್ಮೆ ಅಚ್ಚಾದರೆ ಮುಗಿಯಿತು. ಯಾರಿಗೆ ಸಲ್ಲಬೇಕಿತ್ತು ಎಂದು ಎಷ್ಟು ಬಡಿದಾಡಿದರೂ ಬದಲಿಸುವಂತಿಲ್ಲ.

ನಿಮ್ಮ ಲೆಕ್ಕದಲ್ಲಿ ನಾಳೆ, ಸಂತೆಯಲ್ಲಿ ಒಬ್ಬ ಸಂಶೋಧಕಿ ನಿಮ್ಮ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾಳೆ. ಅದರಲ್ಲಿರುವ ನೀಲಿ ಕೊಂಡಿಯ ಏಡಿಯನ್ನು ಅದುವರೆಗೆ ಯಾವ ವಿಜ್ಞಾನಿಯೂ ಕಂಡಿರುವುದಿಲ್ಲ. ಅದು ಯಾವ ಕೆಸರಲ್ಲಿ, ಯಾವ ಇಳಿತದಲ್ಲಿ ಸಿಗುತ್ತದೆಂದು ನೀವೇ ಅವಳನ್ನು ಕರೆದೊಯ್ದು ತೋರಿಸುತ್ತೀರಿ. ನಿಮ್ಮ ಹೆಸರು ಕೇಳಿದರೆ ಮಾತ್ರ ನಕ್ಕುಬಿಡುತ್ತೀರಿ. ಅವಳ ಟಿಪ್ಪಣಿಯಲ್ಲಿ ನಿಮ್ಮ ಮಾತು ಹಾಗೇ ಇದೆ: “ನಂಗೆಂತ ಹೆಸ್ರು? ಉಲ್ಲಾಸನ ಅವ್ವಿ ಅಂದ್ರೆ ಸಾಕು, ಎಲ್ಲರಿಗೂ ಗೊತ್ತಾಗ್ತದೆ.”

ನಿಮ್ಮ ಊರಲ್ಲಿ ಎಲ್ಲ ತಾಯಂದಿರೂ ಹಾಗೆಯೇ ಹೇಳುತ್ತಿದ್ದರಂತೆ. ಸಂಶೋಧಕಿಗೆ ಸಿಕ್ಕಿದ್ದು ಅದೊಂದೇ ಹೆಸರು. ಏಡಿ ‘ಉಲ್ಲಾಸಿ’ ಆಯಿತು. ಏಡಿ ಕಂಡರೆ ಮಾರು ದೂರ ಹಾರುತ್ತಿದ್ದ ನಿಮ್ಮ ಸುಪುತ್ರನಿಗೆ ಕೂತಲ್ಲೇ ಅಮರಪಟ್ಟ ಸಿಕ್ಕಿತು! ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹೊಟ್ಟೆಕಿಚ್ಚಿದೆ. ಅವನಿಗೆ ನಿಮ್ಮ ಹೆಸರು ಗೊತ್ತಿತ್ತಲ್ಲ.

ನಾನು ಎಲ್ಲ ಕಡೆ ಹುಡುಕಿದೆ. ಪಡಿತರದ ಕಾಗದಗಳು ನೆರೆಯಲ್ಲಿ ಹೋದವು. ಮನೆಯಲ್ಲಿ ಉಳಿದ ಒಂದೇ ಫೋಟೋದ ಹಿಂದೆಯೂ ಬರೆದದ್ದು ‘ಉಲ್ಲಾಸನ ಅವ್ವಿ’ ಎಂದೇ. ಅದರಲ್ಲಿ ನೀವು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೀರಿ. ನಾನೂ ಹಾಗೇ ಮಾಡುತ್ತೇನೆ ಎಂದು ನಮ್ಮಮ್ಮ ಹೇಳುತ್ತಿದ್ದಳು.

ಅಳಿವೆಯಿಂದ ಮರೆಯಾಗಿ, ತೊಂಬತ್ತು ವರ್ಷ ಪೀಳಿಗೆಯಿಂದ ಪೀಳಿಗೆಗೆ ತೊಟ್ಟಿಯಲ್ಲೇ ಉಳಿದಿದ್ದ ಈ ಏಡಿಗಳನ್ನು ನಮ್ಮ ಲೆಕ್ಕದ ನಾಳೆ ಅಲ್ಲಿಗೇ ಮರಳಿ ಬಿಡುತ್ತಿದ್ದೇವೆ. ನಮ್ಮಲ್ಲೊಂದು ಪದ್ಧತಿಯಿದೆ. ಜೀವಿಯನ್ನು ನೀರಿಗೆ ಬಿಡುವಾಗ, ಅದನ್ನು ಮೊದಲು ತೋರಿಸಿಕೊಟ್ಟವರನ್ನು ಅವರ ಮನೆಯವರೇ ಹೆಸರು ಹಿಡಿದು ಕೂಗಿ ಕರೆಯಬೇಕು. ಉಲ್ಲಾಸನನ್ನೇ ಕರೆದುಬಿಡು ಎನ್ನುತ್ತಾರೆ ಎಲ್ಲರೂ. ನನಗೆ ಮನಸ್ಸು ಬರುತ್ತಿಲ್ಲ. ಮೊಣಕಾಲು ನೀರಿನಲ್ಲಿ ನಿಂತು ನಿಮ್ಮನ್ನು ಕರೆಯಬೇಕೆಂದು ಇಷ್ಟು ವರ್ಷ ಕಾದಿದ್ದೇನೆ, ನಿಮಗಾಗಿ ಜೀವ ಹಾತೊರೆಯುತ್ತದೆ, ಏನೆಂದು ಕರೆಯಲಿ?

ಆದ್ದರಿಂದ ನಾಳೆ ಸಂತೆಯಲ್ಲಿ ಆ ಸಂಶೋಧಕಿ ಹೆಸರು ಕೇಳಿದಾಗ ನಗಬೇಡಿ, ನಾಚಬೇಡಿ. ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ ಅಜ್ಜಿ: ಉಲ್ಲಾಸ ಹುಟ್ಟುವ ಮೊದಲು ನಿಮ್ಮನ್ನು ಏನೆಂದು ಕರೆಯುತ್ತಿದ್ದರು?